ಕಬ್ಬಿಣದ ಪುಡಿ ಅಲ್ಲಾಡಲಿಲ್ಲ

"ಸುಳ್ಳು ಕಾಯಿಲೆಗೆ ಸುಳ್ಳು ಮಿಷನ್ನು. ಜೋಡಿ ಭರ್ಜರಿಯಾಗಿದೆ ಬಿಡ್ರಪ್ಪಾ!"

ಮಾವ ಈ ಮಾತನ್ನು ತನ್ನ ವೆಲ್ಡಿಂಗ್ ಶೆಡ್ಡಿನ ನಟ್ಟನಡುವೆ ನಿಂತು ಆಡಿದ. ಗೇಟಿನ ಅಳತೆ ಕೊಡಲು ಬಂದ ಗಂಡ ಹೆಂಡತಿ ಅಲ್ಲೇ ಇದ್ದರು, ಇಬ್ಬರು ವೆಲ್ಡರುಗಳಿದ್ದರು, ಮೇಸ್ತ್ರಿಯಿದ್ದ. ಆಡಿ ಸುಮ್ಮನಾಗಿದ್ದರೆ ಒಂದು ಮಾತು. ಯಾರಾದರೂ ನಗಲಿ ಎಂದು ಸೊಂಟದ ಮೇಲೆ ಕೈಯಿಟ್ಟುಕೊಂಡು ಕಾದ. ಮೊದಲು ಗಿರಾಕಿ ಹೆಂಗಸು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು, ಆಮೇಲೆ ಅವಳ ಗಂಡ, ಆಮೇಲೆ ಧಣಿಯ ಮುಖ ನೋಡಿ ವೆಲ್ಡರುಗಳು. ಮೇಸ್ತ್ರಿ ಮಾತ್ರ ಮುಖಕ್ಕೆ ಹಿಡಿದ ಕಪ್ಪು ಗಾಜನ್ನು ಸರಿಸಲಿಲ್ಲ. ಅದರ ಹಿಂದೆ ಅವನು ನಕ್ಕನೋ ಇಲ್ಲವೋ ದೇವರೇ ಬಲ್ಲ.

ಕಿಡಿ ಗ್ರೈಂಡರ್ ನಿಲ್ಲಿಸಲಿಲ್ಲ. ಕೈಯಲ್ಲಿದ್ದ ಪಟ್ಟಿಯ ಅಂಚು ಆಗಲೇ ನುಣ್ಣಗಾಗಿತ್ತು, ಆದರೂ ಉಜ್ಜುತ್ತಲೇ ಇದ್ದ. ಕಿಡಿ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಯಾರು ಏನಂದರೂ ಸರಕ್ಕನೆ ಹಾರಿ ಬೀಳುತ್ತಿದ್ದವನಿಗೆ ಮೇಸ್ತ್ರಿ ಕಟ್ಟಿದ ಹೆಸರು. ಶಾಲೆ ಬಿಟ್ಟದ್ದೂ ಹಾಗೆಯೇ, ಮೇಷ್ಟ್ರ ಒಂದು ಮಾತಿಗೆ ಪುಸ್ತಕದ ಚೀಲವನ್ನು ಅವರ ಮೇಜಿನ ಮೇಲೇ ಎಸೆದು. ಮೊದಲಿನ ಕಿಡಿಯಾಗಿದ್ದರೆ ಈ ಹೊತ್ತಿಗೆ ಪಟ್ಟಿ ಬಿಸಾಕಿ, ಅಮ್ಮನ ತಮ್ಮ ಅನ್ನುವುದನ್ನೂ ನೋಡದೆ, ಮಾವನ ಎದೆಗೆ ಎದೆ ಕೊಟ್ಟು ನಿಂತಿರುತ್ತಿದ್ದ. ಈಗ ಸಿಟ್ಟೇನೋ ಬರುತ್ತಿತ್ತು, ಬೇಕಾದಷ್ಟು ಬರುತ್ತಿತ್ತು, ಆದರೆ ಕೈಕಾಲಿನವರೆಗೆ ಇಳಿಯುತ್ತಿರಲಿಲ್ಲ.

"ಅಲ್ಲಾ ಸ್ವಾಮಿ, ನೀವೇ ಹೇಳಿ," ಮಾವ ಗಿರಾಕಿಯ ಕಡೆ ತಿರುಗಿದ. "ತಲೆಗೆ ಮ್ಯಾಗ್ನೆಟ್ ಹಿಡಿಸ್ಕೊಳ್ಳೋಕೆ ಹೋಗ್ತಾನೆ ಇವನು. ದಿನಾ! ಅಲ್ಲಿ ಡಾಕ್ಟರೇ ಹೇಳಿದ್ದಾರಂತೆ, ಅರ್ಧ ಜನಕ್ಕೆ ಬರೀ ಸದ್ದು ಮಾಡೋ ಮಿಷನ್ ಇಡ್ತೀವಿ, ಯಾರಿಗೆ ಅಂತ ಮಾತ್ರ ಹೇಳಲ್ಲ ಅಂತ. ಈ ಪುಣ್ಯಾತ್ಮ ಹ್ಞೂಂ ಅಂದ್ಕೊಂಡು ಬಂದಿದ್ದಾನೆ. ಈಗ ಸ್ವಲ್ಪ ವಾಸಿನಂತೆ! ಸದ್ದಿಗೇ ವಾಸಿಯಾಗೋ ಕಾಯಿಲೆ ಆಗಿದ್ರೆ ನಮ್ಮ ಕಟಿಂಗ್ ಮಿಷನ್ ಸದ್ದು ಸಾಕಾಗ್ತಿರಲಿಲ್ವಾ?"

ಈ ಸಲ ನಗುವಿಗೆ ಮಾವ ಕಾಯಬೇಕಾಗಲಿಲ್ಲ.

ಕಾಯಿಲೆಗೆ ಒಂದು ಹೆಸರಿತ್ತು, ಖಿನ್ನತೆ ಅಂತ. ಆ ಹೆಸರು ಕೇಳಿದರೆ ಕಿಡಿಗೆ ಮೈ ಉರಿಯುತ್ತಿತ್ತು. ಹೊಟ್ಟೆ ತುಂಬಿದವರು ಕಿಟಕಿ ಪಕ್ಕ ಕೂತು ಅನುಭವಿಸುವ ಯಾವುದೋ ಶೋಕಿಯ ಹಾಗೆ ಕೇಳಿಸುತ್ತಿತ್ತು ಅದು. ಅವನಿಗಾದದ್ದು ಬೇರೆ. ಬೆಳಗ್ಗೆ ಕಣ್ಣು ಬಿಟ್ಟರೆ ಯಾರೋ ಒಂದು ಗೇಟನ್ನು ತಂದು ಎದೆಯ ಮೇಲೆ ಮಲಗಿಸಿ ಹೋದಂತಿರುತ್ತಿತ್ತು. ಚಪ್ಪಲಿಗೆ ಕಾಲು ತೂರಿಸುವುದೇ ಒಂದು ದಿನದ ಕೆಲಸ. ಬಾಯಿಗಿಟ್ಟ ತುತ್ತು ನೆನೆದ ಕಾಗದ. ಅಳುವಾದರೂ ಬಂದಿದ್ದರೆ ಎಷ್ಟೋ ವಾಸಿಯಿತ್ತು, ಅದೂ ಬರುತ್ತಿರಲಿಲ್ಲ.

ಒಂದು ಮಧ್ಯಾಹ್ನ, ಮೂರನೇ ಮಹಡಿಯ ಬಾಲ್ಕನಿಗೆ ಕಂಬಿ ಕೂರಿಸುವಾಗ, ಸೊಂಟಕ್ಕೆ ಬಿಗಿದ ಹಗ್ಗದ ಕೊಂಡಿಯನ್ನು ತಾನೇ ಕಳಚಿ ಅಂಚಿನಲ್ಲಿ ನಿಂತುಬಿಟ್ಟಿದ್ದ. ಯಾವಾಗ ಕಳಚಿದೆ ಎನ್ನುವುದು ಅವನಿಗೇ ನೆನಪಿರಲಿಲ್ಲ. ಮೇಸ್ತ್ರಿ ಹಿಂದಿನಿಂದ ಕಾಲರ್ ಹಿಡಿದು ಒಳಗೆಳೆದುಕೊಂಡು, ಕೆನ್ನೆಗೊಂದು ಬಿಟ್ಟು, ಆಮೇಲೆ ತಾನೇ ನೆಲಕ್ಕೆ ಕುಕ್ಕರಿಸಿ ಅತ್ತ. ಶೆಡ್ಡಿಗೆ ಮರಳಿ ಧಣಿಯ ಹತ್ತಿರ ಅಂದದ್ದು ಇಷ್ಟೇ: "ಹುಡುಗನಿಗೆ ಎತ್ತರ ಅಂದ್ರೆ ತಲೆ ಸುತ್ತುತ್ತೆ, ಕೆಳಗೇ ಇರ್ಲಿ ಬಿಡಿ." ಮಾನ ಕಾಪಾಡಲು ಆಡಿದ ಮಾತು. ಅಂದಿನಿಂದ ಮಾವನ ಬಾಯಲ್ಲಿ ಕಿಡಿ ಪುಕ್ಕಲನಾದ, ಕೆಲವು ದಿನ ಏಳಲಾರದೆ ಮಲಗಿದ್ದಕ್ಕೆ ಮೈಗಳ್ಳನೂ ಆದ. ಪುಕ್ಕಲನಂತೆ! ಅಂಚಿನಲ್ಲಿ ನಿಂತಾಗ ಅವನಿಗೆ ಒಂದಿಷ್ಟೂ ಹೆದರಿಕೆ ಆಗಿರಲಿಲ್ಲ. ಅವನ ನಿದ್ದೆ ಕೆಡಿಸಿದ್ದೇ ಅದು.

ಪ್ರಯೋಗದ ಸುದ್ದಿ ತಂದವಳು ಅಕ್ಕ. ತಾಯಿ ಹೋದ ಮೇಲೆ ಅವನು ಅಕ್ಕನ ಮನೆಯಲ್ಲೇ ಇದ್ದ. ಅವಳು ದೊಡ್ಡಾಸ್ಪತ್ರೆಯಲ್ಲಿ ಹಾಸಿಗೆಯ ಬಟ್ಟೆ ಒಗೆಯುವ ಕಡೆ ಕೆಲಸಕ್ಕಿದ್ದಳು. ಲಿಫ್ಟಿನ ಪಕ್ಕ ಅಂಟಿಸಿದ್ದ ಕಾಗದವನ್ನು ಓದಿ, ಮತ್ತೊಬ್ಬರಿಂದ ಓದಿಸಿ, ಖಾತ್ರಿ ಮಾಡಿಕೊಂಡು ಬಂದಳು.

"ನೋಡೋ, ಮಾತ್ರೆ ಕೇಳದೆ ಇರೋರಿಗೇ ಅಂತೆ ಇದು. ನೀನು ಎರಡು ತರದ್ದು ನುಂಗಿ ನೋಡಿದ್ದಾಯ್ತಲ್ಲ. ಸೂಜಿ ಇಲ್ಲ, ಕತ್ತರಿ ಇಲ್ಲ. ಕುರ್ಚಿ ಮೇಲೆ ಕೂತಿರಬೇಕು ಅಷ್ಟೇ."

"ಅವರಿಗೆ ಇಲಿ ಬೇಕಾಗಿದೆ ಕಣೇ, ಅದಕ್ಕೆ ಕರೀತಾರೆ."

"ಇಲಿ ಆದ್ರೂ ಬೆಳಗಾದ್ರೆ ಎದ್ದು ಓಡಾಡುತ್ತೆ. ನೀನು ಹಾಸಿಗೆಯಿಂದ ಏಳಲ್ವಲ್ಲೋ ಮಾರಾಯ."

ಅವನು ಹೋದ. ಹೋಗದೆ ಉಳಿದರೆ ಏನಾಗುತ್ತದೆಂಬುದು ಅವನಿಗೆ ಗೊತ್ತಿತ್ತು. ಆ ಕೊಂಡಿಯನ್ನು ಕೈ ಇನ್ನೊಂದು ಸಲ ಬಿಚ್ಚುತ್ತದೆ, ಆಗ ಮೇಸ್ತ್ರಿ ಹಿಂದೆ ಇರುವುದಿಲ್ಲ.

ಡಾಕ್ಟರಮ್ಮ ನೂರೆಂಟು ಪ್ರಶ್ನೆ ಕೇಳಿದರು. ಗ್ರೈಂಡರ್ ಕೆಲಸ ಅಂದ ಕೂಡಲೇ ಕಣ್ಣಿನ ಎಕ್ಸ್‌ರೇ ತೆಗೆಸಿದರು. ಕಣ್ಣಲ್ಲಿ ಕಬ್ಬಿಣದ ಚೂರು ಕೂತಿದ್ದರೆ ಮಿಷನ್ನಿನ ಹತ್ತಿರ ಹೋಗುವಂತಿಲ್ಲವಂತೆ. ಚೂರೇನೂ ಕಾಣಲಿಲ್ಲ. ಆಮೇಲೆ ಅವರು ಕುರ್ಚಿ ಹತ್ತಿರಕ್ಕೆಳೆದುಕೊಂಡು ಒಂದು ವಿಷಯವನ್ನು ಬಿಡಿಸಿ ಹೇಳಿದರು.

"ಇದು ಪರೀಕ್ಷೆ. ಕೆಲವರಿಗೆ ನಿಜವಾದ ಕಾಂತಶಕ್ತಿ ಬಡಿಯುತ್ತೆ, ಕೆಲವರಿಗೆ ಬರೀ ಸದ್ದು, ತಲೆ ಮೇಲೆ ಕುಟ್ಟಿದ ಹಾಗಾಗೋದು, ಅಷ್ಟೇ. ಯಾರಿಗೆ ಯಾವುದು ಅನ್ನೋದು ಕಂಪ್ಯೂಟರಿಗೆ ಬಿಟ್ರೆ ಯಾರಿಗೂ ಗೊತ್ತಿರಲ್ಲ. ನನಗೂ ಗೊತ್ತಿರಲ್ಲ. ಆದ್ರೆ ಪೂರ್ತಿ ಮುಗಿಸಿದವರಲ್ಲಿ ಸುಳ್ಳು ಬಂದವರಿಗೆಲ್ಲ ಕೊನೇಲಿ ನಿಜದ್ದು ಕೊಡ್ತೀವಿ. ಮಧ್ಯ ಬಿಡಬಾರದು. ಒಳಗೆ ಕಬ್ಬಿಣ ತರಬಾರದು. ಒಪ್ಪಿಗೇನಾ?"

"ನಂಗೆ ಬಂದದ್ದು ಸುಳ್ಳಾದ್ರೆ, ಅಲ್ಲೀವರೆಗೆ ನಾನು ಬದುಕಿರಬೇಕಲ್ಲ ಮೇಡಂ?"

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಅದಕ್ಕೇ ವಾರಾ ವಾರಾ ನಾನೇ ನೋಡ್ತೀನಿ. ಹೆಚ್ಚುಕಮ್ಮಿ ಆದ್ರೆ ನಿಮಗೆ ಬಂದದ್ದು ಯಾವುದು ಅನ್ನೋ ಗುಟ್ಟು ತೆಗೆಸಿ ನೋಡೋ ಅಧಿಕಾರ ಇದೆ."

ಕಿಟಕಿಯಿಲ್ಲದ ಕೋಣೆ. ಹಲ್ಲಿನ ಡಾಕ್ಟರ ಹತ್ತಿರ ಇರುವಂಥ ಕುರ್ಚಿ. ಬಾಗಿದ ಲೋಹದ ತೋಳಿನ ತುದಿಗೆ ಎರಡು ತಟ್ಟೆಗಳನ್ನು ಒತ್ತಟ್ಟಿಗೆ ಅಂಟಿಸಿದಂಥ ಒಂದು ಬಿಲ್ಲೆ, ಅದರ ಬಾಲಕ್ಕೆ ಹೆಬ್ಬೆರಳು ದಪ್ಪದ ಕೇಬಲ್ಲು. ಮಿಷನ್ ನಡೆಸುವ ಹುಡುಗಿಗೆ ಸದಾ ನೆಗಡಿ. ಮೊದಲ ದಿನ ಅವಳು ಕಂಪ್ಯೂಟರಿನ ತೆರೆ ನೋಡಿ ಬಿಲ್ಲೆಯನ್ನು ಒಮ್ಮೆ ಮಗುಚಿ, ಅವನ ಹಣೆಯ ಎಡಮೇಲ್ಭಾಗಕ್ಕೆ ಒತ್ತಿ ಕೂರಿಸಿದಳು. ಅವನ ತಲೆಗೂದಲನ್ನು ಒದ್ದೆ ಬಟ್ಟೆಯಿಂದ ಒರೆಸಿ, ಬಟ್ಟೆ ನೋಡಿ, "ಬೇರೆಯವರಿಗೆ ಹೊಟ್ಟು ಉದುರುತ್ತೆ, ನಿಮಗೆ ಕಬ್ಬಿಣ ಉದುರುತ್ತಲ್ರೀ!" ಎಂದು ಸೀನಿದಳು. ಜೇಬು ಖಾಲಿ ಮಾಡಿಸಿ, ಬೆಲ್ಟು ಬಿಚ್ಚಿಸಿ, ಆಸ್ಪತ್ರೆಯ ಅಂಗಿ ತೊಡಿಸಿದಳು. ಆಮೇಲೆ ಟಕಟಕಟಕ, ಮರಕುಟಿಗ ನೆತ್ತಿಯಲ್ಲಿ ಗೂಡು ಕೊರೆದ ಹಾಗೆ. ಹುಬ್ಬು ತಾನಾಗಿ ಕುಣಿಯಿತು, ದವಡೆ ಅದುರಿತು. ಸ್ವಲ್ಪ ಬಿಡುವು. ಮತ್ತೆ ಟಕಟಕಟಕ.

ಹೊರಗಿನ ಬೆಂಚಿನಲ್ಲಿ ಅವನ ನಂತರದ ಸರದಿ ಟೈಲರಮ್ಮನದು. ಅವನ ತಾಯಿಯ ವಯಸ್ಸಿನವಳು. ಕತ್ತರಿ ಹಿಡಿದು ಬಟ್ಟೆಯ ಮುಂದೆ ಕೂತರೆ ಎಲ್ಲಿಂದ ಕತ್ತರಿಸಬೇಕೆಂದು ತೋಚದೆ, ದೀಪ ಹಚ್ಚುವ ಹೊತ್ತಿನವರೆಗೂ ಹಾಗೇ ಕೂತಿರುತ್ತಿದ್ದಳಂತೆ. ಒಳಗಿನ ಮಾತು ಹೊರಗೆ ಆಡಬಾರದೆಂದು ಗೋಡೆಯ ಮೇಲೆ ಬರೆದಿತ್ತು. ಅದರ ಕೆಳಗೇ ಕೂತು ಇಬ್ಬರೂ ಆಡುತ್ತಿದ್ದರು.

"ನನ್ನ ಹೊಲಿಗೆ ಮಿಷನ್ನೇ ತಲೆ ಮೇಲೆ ಹತ್ತಿ ಓಡಿದ ಹಾಗಾಗುತ್ತಪ್ಪಾ. ನಿಂಗೆ?"

"ನಂಗೂ ಹಂಗೇ ಅಮ್ಮ. ದಾರ ಒಂದು ಬರಲ್ಲ."

ಮೊದಮೊದಲು ಏನೂ ಆಗಲಿಲ್ಲ. ಆಮೇಲೆ ಒಂದು ಬೆಳಗ್ಗೆ ಅವನಿಗೆ ಚಹಾದ ವಾಸನೆ ಬಂತು. ಅಕ್ಕ ದಿನವೂ ಮಾಡುವ ಚಹಾವೇ. ಮೂಗು ಅದನ್ನು ಮರೆತು ಎಷ್ಟು ಕಾಲವಾಗಿತ್ತೋ. ಅವನು ಎದ್ದು ಅಡುಗೆಮನೆಯ ಬಾಗಿಲಲ್ಲಿ ನಿಂತಾಗ ಅಕ್ಕ ಗಾಬರಿಯಿಂದ "ಏನಾಯ್ತೋ?" ಅಂದಳು. "ಏನಿಲ್ಲ, ಕೊಡು" ಅಂದ. ಅವಳು ಲೋಟ ಕೊಟ್ಟು, ಮುಖ ಆಚೆ ತಿರುಗಿಸಿಕೊಂಡು ಈರುಳ್ಳಿ ಹೆಚ್ಚಿದಳು.

ಅದೇ ದಿನ ಬೆಂಚಿನಲ್ಲಿ ಟೈಲರಮ್ಮ, "ನಿನ್ನೆ ಒಂದು ತೋಳು ಕತ್ತರಿಸಿದೆ ಕಣಪ್ಪಾ" ಅಂದಳು, ಹೆದರಿ ಹೆದರಿ, ಜೋರಾಗಿ ಹೇಳಿದರೆ ಓಡಿಹೋದೀತು ಎನ್ನುವಂತೆ.

"ಯಾರದ್ದಮ್ಮ, ಯಜಮಾನರದ್ದಾ?"

ತನ್ನ ಬಾಯಿಂದ ತಮಾಷೆ ಬಂದದ್ದಕ್ಕೆ ಅವನೇ ಬೆರಗಾದ. ಟೈಲರಮ್ಮ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡಳು. ಮುಂದಿನ ವಾರ ಡಾಕ್ಟರಮ್ಮನ ಎದುರು ಅವನು ಮೊದಲ ಬಾರಿಗೆ, ಪರವಾಗಿಲ್ಲ ಅಂದ. ಆ ಖುಷಿಯಲ್ಲಿ ಅಕ್ಕ ಮಾವನ ಮುಂದೆ ಎಲ್ಲವನ್ನೂ ಹೇಳಿಬಿಟ್ಟಳು, ನಿಜದ ಮಿಷನ್ ಸುಳ್ಳು ಮಿಷನ್ ವಿಚಾರವನ್ನೂ ಸೇರಿಸಿ. ಅವಳ ಬಾಯಿಂದ ಹೊರಟದ್ದು ಮಾವನ ಬಾಯಲ್ಲಿ ಹಲ್ಲು ಮೂಡಿಸಿಕೊಂಡು ಶೆಡ್ಡಿಗೆ ಬಂತು.

ಗಿರಾಕಿಗಳು ಹೋದರು. ಮಾವ ಕಬ್ಬಿಣದ ಅಂಗಡಿಗೆ ಹೋದ. ಅಂದ ಮಾತು ಮಾತ್ರ ಎಲ್ಲಿಗೂ ಹೋಗಲಿಲ್ಲ. ಬೈದಿದ್ದರೆ ಕಿಡಿ ಕೊಡವಿಕೊಳ್ಳುತ್ತಿದ್ದ. ಆದರೆ ಇದು ಅವನೊಳಗೆ ಮೊದಲೇ ಇದ್ದ ಸಂಶಯಕ್ಕೆ ಹೋಗಿ ತಾಕಿತ್ತು. ತನಗೆ ಬಂದದ್ದು ಬರೀ ಸದ್ದಾದರೆ? ಆ ಚಹಾದ ವಾಸನೆ, ಆ ನಗು, ಎಲ್ಲವೂ ತನ್ನನ್ನು ತಾನೇ ಮಂಗ ಮಾಡಿಕೊಂಡದ್ದಾದರೆ? ಹಾಗಾದರೆ ಕಾಯಿಲೆಯೂ ಸುಳ್ಳು, ಆ ಬಾಲ್ಕನಿಯೂ ಸುಳ್ಳು, ಮಾವ ನಿಜ.

ಶೆಡ್ಡಿನ ಕಂಬಕ್ಕೆ ಒಂದು ಮ್ಯಾಗ್ನೆಟ್ ತೂಗುಬಿಟ್ಟಿತ್ತು, ಹಳೇ ಸ್ಪೀಕರಿನಿಂದ ಕಿತ್ತ ಕಪ್ಪು ಬಳೆಯಂಥದ್ದು. ಸಂಜೆ ನೆಲದ ಮೇಲೆ ಆಡಿಸಿ ಸ್ಕ್ರೂ ಆರಿಸುವುದು ಅದರಿಂದಲೇ, ಯಾರ ಕಣ್ಣಿಗಾದರೂ ಚೂರು ಬಿದ್ದರೆ ರೆಪ್ಪೆ ಅಗಲಿಸಿ ಮೇಸ್ತ್ರಿ ಎಳೆದು ತೆಗೆಯುವುದೂ ಅದರಿಂದಲೇ. ಹಿಂದೆ ಮುಂದೆ ಎಂಬ ಭೇದವಿಲ್ಲದೆ ಎರಡೂ ಮೈಗೆ ಕಬ್ಬಿಣದ ಪುಡಿ ಮೀಸೆ ಬಂದಂತೆ ಅಂಟಿಕೊಂಡಿರುತ್ತಿತ್ತು. ಮ್ಯಾಗ್ನೆಟ್ ಎಂದರೆ ಹೇಗಿರುತ್ತದೆಂದು ಕಿಡಿಗೆ ಯಾವ ಡಾಕ್ಟರೂ ಹೇಳಿಕೊಡಬೇಕಾಗಿರಲಿಲ್ಲ. ಶೆಡ್ಡಿನಲ್ಲಿ ಯಾವ ಸಾಮಾನನ್ನೂ ಅಂಗಡಿಯವನ ಮಾತು ನಂಬಿ ಒಳಗಿಟ್ಟುಕೊಳ್ಳುತ್ತಿರಲಿಲ್ಲ. ಸ್ಟೀಲೋ ಅಲ್ಲವೋ ಅಂತ ಮ್ಯಾಗ್ನೆಟ್ ಹಿಡಿದು ನೋಡುವುದು, ಕಚ್ಚಿದರೆ ಬರೀ ಕಬ್ಬಿಣ, ಕಚ್ಚದಿದ್ದರೆ ಸ್ಟೀಲು. ಅವನು ಆ ಮೀಸೆಯಿಂದ ಒಂದು ಚಿಟಿಕೆ ಪುಡಿ ಕಿತ್ತು, ಉಗುರಿನಗಲದ ತೆಳು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ತೋರುಬೆರಳಿನ ತುದಿಗಿಟ್ಟು ಮೇಲೆ ಬ್ಯಾಂಡೇಜು ಬಿಗಿದ.

ಗ್ರೈಂಡರ್ ಹಿಡಿಯುವವನ ಬೆರಳಿಗೆ ಬ್ಯಾಂಡೇಜು ಇಲ್ಲದ ದಿನವೇ ಇಲ್ಲ. ಹುಡುಗಿ ಜೇಬು ನೋಡಿದಳು, ಬೆಲ್ಟು ನೋಡಿದಳು, ಕೂದಲು ಒರೆಸಿದಳು, ಬೆರಳನ್ನು ಮಾತ್ರ ಕೇಳಲಿಲ್ಲ. ಬಿಲ್ಲೆ ಹಣೆಗೆ ಕೂತಿತು. ಹಣೆಗೂ ಬಿಲ್ಲೆಗೂ ನಡುವೆ ಕೂದಲೆಳೆಯಷ್ಟೂ ಜಾಗವಿಲ್ಲ, ಅಲ್ಲಿಗೆ ಬೆರಳು ತೂರಿಸಿದರೆ ಸಿಕ್ಕಿಬೀಳುತ್ತಾನೆ. ಅವಳು ಮೂಗು ಸೀಟಲು ಆಚೆ ತಿರುಗಿದಳು. ಟಕಟಕಟಕ ಶುರುವಾಯಿತು. ಕಿಡಿ ಕೈಯೆತ್ತಿ, ತುರಿಸಿಕೊಳ್ಳುವವನ ಹಾಗೆ, ಬೆರಳ ತುದಿಯನ್ನು ಬಿಲ್ಲೆಯ ಬೆನ್ನಿಗೆ ಒತ್ತಿ ಹಿಡಿದ.

ಮ್ಯಾಗ್ನೆಟ್ಟಿನ ಹತ್ತಿರ ಹೋದ ಪುಡಿ ಎದ್ದು ನಿಲ್ಲುತ್ತದೆ, ಮುಳ್ಳಿನ ಹಾಗೆ ಚರ್ಮಕ್ಕೆ ಚುಚ್ಚುತ್ತದೆ. ಅವನು ಕಾದ. ಟಕಟಕಟಕ. ಬೆರಳು ಸತ್ತ ಹಾಗಿತ್ತು. ಎಳೆತವಿಲ್ಲ, ಚುಚ್ಚಿಲ್ಲ, ನವಿರಾದ ಅದುರು ಕೂಡ ಇಲ್ಲ.

"ಕೈ ಕೆಳಗೆ ರೀ, ಪ್ಲೀಸ್," ಅಂದಳು ಹುಡುಗಿ.

ಅವನು ಕೈ ಇಳಿಸಿದ. ಆಮೇಲೆ ಕುರ್ಚಿಯಿಂದಲೇ ಎದ್ದ. ಬಿಲ್ಲೆ ಗಾಳಿಯಲ್ಲಿ ಒಬ್ಬಂಟಿಯಾಗಿ ಟಕಟಕ ಅನ್ನುತ್ತಿತ್ತು. ಹುಡುಗಿ ಓಡಿ ಬಂದು ಗುಂಡಿ ಒತ್ತಿ ನಿಲ್ಲಿಸಿದಳು. ಅವನು ಬಾಗಿಲು ತಳ್ಳಿ ಹೊರಗೆ ಬಂದು, ಎಲ್ಲರೆದುರು ಹಲ್ಲಿನಿಂದ ಬ್ಯಾಂಡೇಜು ಕಿತ್ತು, ಪುಡಿಯನ್ನು ಅವಳ ಮೇಜಿನ ಮೇಲೆ ಸುರಿದ.

"ನೋಡ್ರೀ ಎಲ್ಲಾರೂ! ಕಬ್ಬಿಣದ ಪುಡಿ ಇದು. ಮಿಷನ್ನಿಗೆ ತಾಗಿಸಿ ಹಿಡಿದೆ. ಅಲ್ಲಾಡಲಿಲ್ಲ! ಸಾಸಿವೆಯಷ್ಟೂ ಅಲ್ಲಾಡಲಿಲ್ಲ! ಬರೀ ಸದ್ದು ಕೇಳಿಸಿ ಕಳಿಸ್ತಿದ್ದಾರೆ ನಮ್ಮನ್ನ!"

"ಕಬ್ಬಿಣ ಒಳಗೆ ತಂದ್ರಾ?" ಹುಡುಗಿಯ ಮುಖ ಬಿಳಿಚಿಕೊಂಡಿತು. "ಹಾಗಲ್ಲ ಅದು, ನಿಮಗೆ ಗೊತ್ತಿಲ್ಲ, ನನಗೂ ಯಾವುದು ಅಂತ..."

"ನಿಂಗೂ ಗೊತ್ತಿಲ್ಲ ಅಲ್ವಾ? ನಂಗೆ ಗೊತ್ತಾಯ್ತು. ಬಿಡು."

ಟೈಲರಮ್ಮ ಬೆಂಚಿನಿಂದ ಎದ್ದು ನಿಂತಿದ್ದಳು. "ತಮ್ಮಾ, ನಂದೂನಾ?"

"ಒಂದೇ ಮಿಷನ್ ತಾನೇ ಅಮ್ಮ ಇಲ್ಲಿರೋದು? ನಂಗೂ ಅದೇ, ನಿಮಗೂ ಅದೇ. ಮನೆಗೆ ಹೋಗಿ."

ಅವಳು ಮತ್ತೆ ಕೂತಳು. ಮಡಿಲಲ್ಲಿ ಎರಡೂ ಕೈಗಳನ್ನು ಅಂಗೈ ಮೇಲೆ ಮಾಡಿ ಇಟ್ಟುಕೊಂಡು, ಅವು ಯಾರ ಕೈಗಳೋ ಎನ್ನುವ ಹಾಗೆ ನೋಡಿದಳು. ಕಿಡಿ ಅದನ್ನು ಕಂಡ. ಕಂಡೂ ಮೆಟ್ಟಿಲಿಳಿದು ಹೋದ. ಆ ಹೊತ್ತಿನಲ್ಲಿ ಅವನಿಗೆ ತಾನು ಗೆದ್ದೆ ಅನಿಸಿತ್ತು. ಬಹಳ ದಿನದ ಮೇಲೆ ಸಿಟ್ಟು ಕೈಕಾಲಿನವರೆಗೂ ಇಳಿದಿತ್ತು.

ಆ ಬಿಸಿ ಮೂರು ದಿನವೂ ಉಳಿಯಲಿಲ್ಲ. ಆಸ್ಪತ್ರೆಯಿಂದ ಫೋನು ಬಂದರೆ ಎತ್ತಲಿಲ್ಲ. ಶೆಡ್ಡಿನಲ್ಲಿ ಮಾವ ಏನೂ ಕೇಳದೆಯೇ ಗೆಲುವಿನ ಮುಖ ಮಾಡಿಕೊಂಡು ಓಡಾಡಿದ. ಒಂದು ಬೆಳಗ್ಗೆ ಚಹಾ ಬಿಸಿನೀರಾಯಿತು. ಇನ್ನೊಂದು ಬೆಳಗ್ಗೆ ಗೇಟು ವಾಪಸು ಬಂದು ಎದೆಯ ಮೇಲೆ ಮಲಗಿತು, ಮೊದಲಿಗಿಂತ ಭಾರವಾಗಿ. ಅವನು ಕೆಲಸಕ್ಕೆ ಹೋಗುವುದು ಬಿಟ್ಟ. ಸ್ನಾನ ಬಿಟ್ಟ. ಮೇಸ್ತ್ರಿ ಒಮ್ಮೆ ಬಂದು ಹಾಸಿಗೆಯ ಪಕ್ಕ ಕೂತು, "ಲೋ ಕಿಡಿ, ಬೈಯ್ಯೋ ನನ್ನ, ಒಂದು ಸಲ ಬೈಯ್ಯೋ" ಎಂದು ಗೋಗರೆದು ಎದ್ದು ಹೋದ. ಅಕ್ಕ ಮಹಡಿಯ ಬಾಗಿಲಿಗೆ ಬೀಗ ಜಡಿದು, ಕೀಲಿಯನ್ನು ದಾರಕ್ಕೆ ಕಟ್ಟಿ ತನ್ನ ಕುತ್ತಿಗೆಗೆ ಹಾಕಿಕೊಂಡಳು. ಬಟ್ಟೆ ಒಗೆಯುವಾಗ, ಅಡುಗೆ ಮಾಡುವಾಗ ಅದು ಅವಳ ಎದೆಯ ಮೇಲೆ ಆಡುತ್ತಿತ್ತು. ಅವನು ಮಲಗಿದಲ್ಲಿಂದಲೇ ಅದನ್ನು ನೋಡುತ್ತಿದ್ದ. ಅವನು ನೋಡುವುದನ್ನು ಅವಳು ನೋಡಿದಳು. ಮರುದಿನ ಕೆಲಸಕ್ಕೆ ರಜೆ ಹಾಕಿ, ಡಾಕ್ಟರಮ್ಮನ ಕಾಲು ಹಿಡಿಯುವುದೊಂದು ಬಾಕಿ ಬಿಟ್ಟು ಬೇಡಿಕೊಂಡು, ಅವನನ್ನು ಎಬ್ಬಿಸಿ, ಅಂಗಿ ತೊಡಿಸಿ, ಕರೆದುಕೊಂಡು ಹೋದಳು.

ಡಾಕ್ಟರಮ್ಮ ಅಕ್ಕನನ್ನು ಹೊರಗೆ ಕೂರಲು ಹೇಳಿ ಬಾಗಿಲು ಹಾಕಿದರು. ಪೀಠಿಕೆ ಹಾಕಲಿಲ್ಲ.

"ನಿಮ್ಮ ಅಕ್ಕ ಹೇಳಿದ್ದು ಕೇಳಿ ನಿಮ್ಮ ಗುಟ್ಟು ತೆಗೆಸಿದೆ. ನಿಮ್ಮದು ನಿಜದ್ದೇ ಆಗಿತ್ತು."

ಕಿಡಿ ತಲೆಯೆತ್ತಿದ.

"ಆ ಬಿಲ್ಲೆಗೆ ಎರಡು ಮುಖ. ಒಂದು ಮುಖದಿಂದ ಕಾಂತಶಕ್ತಿ ಹೊರಡುತ್ತೆ. ಇನ್ನೊಂದು ಮುಖಕ್ಕೆ ಒಳಗೇ ಅಡ್ಡ ಹಾಕಿ ತಡೆದಿದ್ದಾರೆ. ನಿಜ ಬಂದವರ ತಲೆಗೆ ಹೊಡೆಯೋ ಮುಖ, ಸುಳ್ಳು ಬಂದವರ ತಲೆಗೆ ತಡೆದಿರೋ ಮುಖ. ಯಾವುದು ಯಾವುದು ಅಂತ ಹುಡುಗಿಗೂ ಗೊತ್ತಿಲ್ಲ, ತೆರೆ ಹೇಳಿದ ಹಾಗೆ ಮಗುಚ್ತಾಳೆ. ನೀವು ಪುಡಿ ಹಿಡಿದದ್ದು ಬೆನ್ನಿಗೆ." ಅವರು ನಿಲ್ಲಿಸಿ ಅವನ ಮುಖ ನೋಡಿದರು. "ನಿಮ್ಮದು ಸುಳ್ಳಾಗಿದ್ದಿದ್ರೆ ಪುಡಿ ಎದ್ದು ಕುಣೀತಿತ್ತು. ಅಲ್ಲಾಡಲಿಲ್ಲ ಅಂದ್ರೆ, ಹೊಡೀತಾ ಇದ್ದದ್ದು ನಿಮ್ಮ ತಲೆಗೆ."

ಗೋಡೆಯ ಮೇಲಿನ ಫ್ಯಾನು ಕುತ್ತಿಗೆ ತಿರುಗಿಸಿ ಇತ್ತ ನೋಡಿತು, ಅತ್ತ ನೋಡಿತು. ಎರಡೂ ಮೈಗೆ ಪುಡಿ ಹಿಡಿದ ಆ ಸ್ಪೀಕರಿನ ಮ್ಯಾಗ್ನೆಟ್ ಬಿಟ್ಟು ಬೇರೆ ಯಾವ ಮ್ಯಾಗ್ನೆಟ್ಟನ್ನೂ ಅವನು ಜನ್ಮದಲ್ಲಿ ಕಂಡಿರಲಿಲ್ಲ. ಒಂದು ಮೈ ಕಚ್ಚಿ ಇನ್ನೊಂದು ಮೈ ಸುಮ್ಮನಿರುವಂಥದ್ದನ್ನು ಮಾಡಿಡುವ ಜನ ಇರುತ್ತಾರೆಂದು ಯಾರಿಗೆ ಗೊತ್ತು?

"ಹಂಗಾದ್ರೆ ಕೂರಿಸಿ," ಅಂದ. "ಇವತ್ತೇ ಕೂರ್ತೀನಿ. ವಾಸಿ ಆಗ್ತಾ ಇತ್ತು ನಂಗೆ."

"ಆಗಲ್ಲ."

"ಯಾಕಾಗಲ್ಲ?"

"ಯಾವುದು ಅಂತ ನಿಮಗೆ ತಿಳಿದುಹೋಯ್ತು. ಕಬ್ಬಿಣ ಒಳಗೆ ತಂದ್ರಿ. ಬಿಟ್ಟು ಇಷ್ಟು ದಿನ ಆಯ್ತು. ಪರೀಕ್ಷೆಗೆ ನೀವು ಇನ್ನು ಸೇರಲ್ಲ."

"ಪರೀಕ್ಷೆಗೆ ಸೇರಲ್ಲ ಅಂದ್ರೆ ಬೇಡ ಬಿಡಿ. ನನ್ನ ತಲೆಗೆ ಸೇರುತ್ತಲ್ಲ? ಮಿಷನ್ ಇಲ್ಲೇ ಇದೆ, ಪಕ್ಕದ ಕೋಣೇಲಿ. ನಾನೂ ಇಲ್ಲೇ ಇದ್ದೀನಿ."

"ಮಿಷನ್ ಪರೀಕ್ಷೆಗೆ ಅಂತ ಬಂದದ್ದು. ಬೇರೆಯವರಿಗೆ ಹಚ್ಚೋ ಹಾಗಿಲ್ಲ." ಡಾಕ್ಟರಮ್ಮ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. ಅವರಿಗೂ ಅದು ಹೇಳಲು ಹಿತವಾಗಿರಲಿಲ್ಲ, ಆದರೂ ಹೇಳಿದರು. "ಬೇರೆ ಊರಿನ ಆಸ್ಪತ್ರೆಗೆ ಬರೆದಿದ್ದೀನಿ. ಅವರ ಹತ್ತಿರ ಇದೆ. ಸರದಿ ಉದ್ದ ಇದೆ, ಕಾಯಬೇಕು. ಅಲ್ಲಿವರೆಗೆ ಬೇರೆ ಮಾತ್ರೆ ಶುರು ಮಾಡೋಣ. ಇವತ್ತಿಂದ ಕೆಲವು ದಿನ ಇಲ್ಲೇ ವಾರ್ಡಿನಲ್ಲಿ ಉಳಿದ್ರೆ ನಂಗೂ ನಿಮ್ಮ ಅಕ್ಕನಿಗೂ ಧೈರ್ಯ."

ಕಿಡಿ ಪಕ್ಕದ ಕೋಣೆಯ ಗೋಡೆಯ ಕಡೆ ಮುಖ ತಿರುಗಿಸಿದ.

"ಇನ್ನೊಂದು ಮಾತು," ಅಂದರು. "ಆ ಹೊಲಿಗೆಯಮ್ಮ ಅವತ್ತಿಂದ ಒಳಗೆ ಬಂದಿಲ್ಲ. ಯಜಮಾನರು ಇವತ್ತು ಕರ್ಕೊಂಡು ಬಂದಿದ್ದಾರೆ, ಹೊರಗೆ ಕೂತಿದ್ದಾರೆ. ಇವತ್ತೂ ಕುರ್ಚಿ ಮೇಲೆ ಕೂರದಿದ್ರೆ ಅವರ ಜಾಗಾನೂ ಹೋಗುತ್ತೆ. ಅವರದ್ದು ಯಾವುದೋ ನನಗೆ ಗೊತ್ತಿಲ್ಲ. ಸುಳ್ಳೇ ಆಗಿದ್ರೂ ಮುಗಿಸಿದ್ರೆ ನಿಜದ್ದು ಸಿಗುತ್ತೆ. ನಾನು ಹೇಳಿದ್ರೆ ನಂಬಲ್ಲ. ನೀವು ಪರೀಕ್ಷೆ ಮಾಡಿ ನೋಡಿದವರು. ಬೆನ್ನಿಗೆ ಹಿಡಿದೆ, ತಪ್ಪಾಯ್ತು ಅಂತ ಒಂದು ಮಾತು ಹೇಳಿ ಸಾಕು."

ಕಿಡಿ ಎದ್ದು ಬಾಗಿಲು ತೆರೆದ.

ಬೆಂಚಿನ ತುಂಬ ಜನರಿದ್ದರು. ಕೊನೆಯಲ್ಲಿ ಟೈಲರಮ್ಮ, ಪಕ್ಕದಲ್ಲಿ ಊಟದ ಡಬ್ಬಿ ಹಿಡಿದ ಅವಳ ಗಂಡ. ಅವಳು ಇಳಿದುಹೋಗಿದ್ದಳು. ಕೂದಲು ಬಾಚಿದ್ದು ಅವಳ ಕೈಯಲ್ಲ, ಬೈತಲೆ ಸೊಟ್ಟಗಿತ್ತು, ಗಂಡ ಬಾಚಿದ್ದಿರಬೇಕು. ಬಾಗಿಲ ಹತ್ತಿರ ನೆಗಡಿಯ ಹುಡುಗಿ ನಿಂತು, "ಅಮ್ಮಾ, ಬರ್ತೀರಾ? ಹೊತ್ತಾಯ್ತು" ಎನ್ನುತ್ತಿದ್ದಳು.

"ಏಳೇ," ಅಂದ ಗಂಡ. "ಎಷ್ಟು ಸಲ ಹೇಳೋದು? ಯಾವನೋ ಏನೋ ಅಂದ ಅಂತ..."

"ತಾಳ್ರೀ. ಅವನೇ ಬಂದ." ಟೈಲರಮ್ಮ ಎದ್ದಳು. ನಡೆದು ಬಂದು ಕಿಡಿಯ ಅಂಗಿಯ ತೋಳನ್ನು ಹಿಡಿದುಕೊಂಡಳು. "ತಮ್ಮಾ, ಇವರು ನನ್ನ ಮಾತು ನಂಬಲ್ಲಪ್ಪಾ. ನೀನು ಕಣ್ಣಾರೆ ನೋಡಿದವನು. ನಾನು ಒಳಗೆ ಹೋಗ್ಲಾ, ಬೇಡ್ವಾ? ನೀನು ಹೇಳಿದ ಹಾಗೆ ಕೇಳ್ತೀನಿ."

ಬೆಂಚಿನವರೆಲ್ಲ ಇತ್ತ ತಿರುಗಿದರು. ಅಕ್ಕ ದೂರದ ಕುರ್ಚಿಯಿಂದ ಎದ್ದು ನಿಂತಳು. ಹುಡುಗಿ ಸೀನು ತಡೆದು ಹಿಡಿದಳು.

ಹೇಳಬೇಕಾದ್ದು ನಾಲ್ಕು ಮಾತು. ಹೇಳಿದರೆ ತಾನೇ ತನ್ನ ಕೈಯಾರೆ ಏನನ್ನು ಕಿತ್ತು ಬಿಸಾಕಿದೆ ಎಂಬುದನ್ನು ಇಷ್ಟು ಜನರ ಎದುರು ಬಾಯಿಬಿಟ್ಟು ಹೇಳಬೇಕು. ಹೇಳಿದರೆ ಇವಳು ಒಳಗೆ ಹೋಗುತ್ತಾಳೆ, ಅವನಿಗೆ ಇಲ್ಲವೆಂದ ಕುರ್ಚಿಯಲ್ಲಿ ಕೂರುತ್ತಾಳೆ, ಬಾಗಿಲು ಮುಚ್ಚುತ್ತದೆ, ಆ ಟಕಟಕ ಹೊರಗೆ ಕೇಳುತ್ತದೆ. ಎದೆಯ ಮೇಲಿನ ಕಬ್ಬಿಣ ಒಂದು ಗೆಣ್ಣು ಕೂಡ ಕದಲಲಿಲ್ಲ. ಅವನು ಅವಳ ಮುಖ ನೋಡಿದ. ಆ ಮುಖದಲ್ಲಿ ಅವನ ಮೇಲಿದ್ದ ನಂಬಿಕೆಯನ್ನು ಕಂಡು ಅವನಿಗೆ ಎಲ್ಲಿಲ್ಲದ ಸಿಟ್ಟು ಬಂತು.

"ಹೇಳಪ್ಪಾ," ಅಂದಳು.

ಕಿಡಿ ಅವಳ ಬೆರಳುಗಳನ್ನು ಒಂದೊಂದಾಗಿ ತೋಳಿನಿಂದ ಬಿಡಿಸಿದ. ಗಂಡನ ಡಬ್ಬಿಯನ್ನು ದಾಟಿ, ಅಕ್ಕ ಚಾಚಿದ ಕೈಯನ್ನು ದಾಟಿ, ಮೆಟ್ಟಿಲ ಕಡೆ ನಡೆದ. ಹಿಂದಿನಿಂದ ಟೈಲರಮ್ಮ ಇನ್ನೊಮ್ಮೆ ಕೇಳಿದಳು. ಅವನು ತಿರುಗಲಿಲ್ಲ.